ಬೆಳ್ಳಿಚುಕ್ಕಿಯ ಮಂದಿ ಮತ್ತು ನಮ್ಮ ಹಗೇವು

ಬೆಳ್ಳಿಚುಕ್ಕಿಯ ಮೇಲೆ ಮಂದಿ ಇದ್ದಾರೆ ಎಂಬುದನ್ನು ಕಂಡುಹಿಡಿದವನು ನಾನೇ. ಸಂಸ್ಥಾನ ಹೋಗಿ ಸರಕಾರ ಬಂದ ಹೊಸತು. ಬಿಳೂರಿನ ಹತ್ತಿರ, ಮರಾಠಿ ಸೀಮೆಯ ಅಂಚಿನ ನಮ್ಮ ಹಳ್ಳಿಯಲ್ಲಿ ನಾನು ಕನ್ನಡ ಸಾಲೆಯ ಮಾಸ್ತರ. ಹಾವು, ಗುಡುಗು, ಮಾಡಗ್ಯಾಳದ ಕೊಬ್ಬಿದ ಟಗರು, ತಪಾಸಣೆಗೆ ಬರುವ ಮರಾಠಿ ಸಾಹೇಬರು, ಇಷ್ಟಕ್ಕೆ ಮಾತ್ರ ಹೆದರುತ್ತಿದ್ದೆ. ಉಳಿದವುಗಳಿಗೆ ಹೆದರಲು ಪುರಸೊತ್ತು ಸಿಗುತ್ತಿರಲಿಲ್ಲ. ಇಂಥವನಿಗೆ ಭೂಮಿಯ ಮೇಲೆ ಮರ್ಯಾದೆ ಕಡಿಮೆ. ಆದಕಾರಣ, ಮರ್ಯಾದೆ ಸಿಗುವಂಥ ಒಂದು ಲೋಕವನ್ನು ಆಕಾಶದಲ್ಲಿ ಸ್ಥಾಪಿಸಿದೆ.

ನಸುಕಿನಲ್ಲಿ, ಚುಕ್ಕಿ ಇನ್ನೂ ಕಾಣುತ್ತಿರುವಾಗ, ಅಣ್ಣನ ಹೆಂಡತಿ ರೊಟ್ಟಿ ಬಡಿಯಲು ಕೂರುತ್ತಿದ್ದರು. ವೈನಿ ಎಂದು ಕರೆಯುತ್ತಿದ್ದೆ. ನಾನು ಹೊಸ್ತಿಲ ಬಳಿ ಕೂತು ಆ ಲೋಕದ ವರದಿ ಒಪ್ಪಿಸುತ್ತಿದ್ದೆ. ಅಲ್ಲಿಯವರು ಬಾಗಿಲು ದಾಟುವ ಮೊದಲು ತಮ್ಮ ನೆರಳನ್ನು ಮುಂದೆ ಕಳಿಸುತ್ತಾರೆ. ಅದು ಕ್ಷೇಮವಾಗಿ ಮರಳಿದರೆ, ಹೋಗುವ ವಿಚಾರ ಮಾಡುತ್ತಾರೆ. ಪಂಚಾಯತಿಯಲ್ಲಿ ಎತ್ತರದ ಗಾದಿ, ಎಲ್ಲರಿಗಿಂತ ಹೆಚ್ಚು ಬಾಗಿಲುಗಳಿಂದ ದಾಟದೆ ಹಿಂದಿರುಗಿ ಬಂದವರಿಗೆ. ನಗುವ ಮುನ್ನ, ಈ ನಗೆ ಎಲ್ಲಿಗೆ ಹೋಗಿ ಮುಟ್ಟೀತು ಎಂದು ಯೋಚಿಸುತ್ತಾರೆ; ಹೀಗಾಗಿ ಹುಡುಗತನದಲ್ಲಿ ಕಂಡ ಚೇಷ್ಟೆಗೆ ಮುಪ್ಪಿನಲ್ಲಿ ನಗುತ್ತಾರೆ. ಎದುರಾದವರನ್ನು ‘ಚಲೋ ಅದೀರೇನ್ರಿ?’ ಎಂದು ಕೇಳುವುದು ಅವರಲ್ಲಿ ದುಡುಕು. ‘ಅದೀರೇನ್ರಿ?’ ಎಂದಷ್ಟೇ ಕೇಳುತ್ತಾರೆ. ಕೇಳಿಸಿಕೊಂಡವರು ಮೈಕೈ ಮುಟ್ಟಿ ನೋಡಿಕೊಂಡು, ‘ನೋಡಿ ಹೇಳ್ತೀನ್ರಿ’ ಎನ್ನುತ್ತಾರೆ.

“ಮದಿವಿ ಹೆಂಗ ಆಗ್ತಾರ್ರಿ ಮಾಸ್ತರ ಅವರು?” ವೈನಿ ಒಮ್ಮೆ ಕೇಳಿದರು.

“ಆಗೂದಿಲ್ಲ ವೈನಿ. ಒಬ್ಬರು ಹೋದರ ಇನ್ನೊಬ್ಬರಿಗೆ ದುಃಖ ಆಗ್ತದಂತ ದೂರ ಕುಂದ್ರತಾರ. ದೂರ ಕುಂತು ದಿನಾ ‘ಅದೀರೇನ್ರಿ’ ಅಂತ ಕೇಳ್ತಾರ.”

ರೊಟ್ಟಿಯ ಮೇಲೆ ಅವರ ಕೈ ಒಂದು ಕ್ಷಣ ನಿಂತಿತು. “ಹಂಗಾರ ಮದಿವಿ ಆದಂಗ ಆತು ಬಿಡ್ರಿ.”

ಅಂಗಳದಿಂದ ಅಣ್ಣ ಕೂಗುತ್ತಿದ್ದ: “ಲೇ ತಮ್ಮಾ, ಆ ಮಂದಿಗೆ ಹೇಳು, ಇಲ್ಲಿಂದ ಒಬ್ಬ ಮಾಸ್ತರನ ವರ್ಗಾ ಮಾಡಿ ಕಳಸ್ತೀವಂತ!” ಅಣ್ಣ ಯಾವುದಕ್ಕೂ ಹೆದರುತ್ತಿರಲಿಲ್ಲ. ಅವನ ಪಾಲಿನ ಹೆದರಿಕೆಯನ್ನೂ ನಾನೇ ನಿಭಾಯಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ಹಗೇವು ತೆರೆದೆವು. ಹಗೇವು ಅಂದರೆ ಅಂಗಳದ ನೆಲದೊಳಗೆ ತೋಡಿದ ಜೋಳದ ಕಣಜ: ಬಾಯಿ ಒಬ್ಬ ಮನುಷ್ಯ ತೂರುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಬಹುಕಾಲ ಮುಚ್ಚಿದ್ದರೆ ಒಳಗಿನ ಗಾಳಿ ಕೆಡುತ್ತದೆ. ಅದನ್ನು ಉಸಿರಾಡಿದವರು ಮೇಲೆ ಬರುವುದಿಲ್ಲ. ಅದಕ್ಕೇ ಬಾಯಿಯ ಹಾಸುಗಲ್ಲು ಸರಿಸಿ ಇಡೀ ದಿನ ಬಿಡುವುದು, ಆಮೇಲೆ ಉರಿಯುವ ಕಂದೀಲನ್ನು ತಳದವರೆಗೆ ಇಳಿಸಿ ನೋಡುವುದು ವಾಡಿಕೆ. ಕಂದೀಲು ಆರಿದರೆ ಯಾರೂ ಇಳಿಯುವಂತಿಲ್ಲ.

ಆದರೆ ಗುಡ್ಡಾಪುರದ ದಾನಮ್ಮನ ದಾಸೋಹಕ್ಕೆ ಜೋಳ ಒಯ್ಯಲು ಗಾಡಿ ಹೂಡಿ ನಿಂತಿತ್ತು. ಅಣ್ಣನಿಗೆ ದಿನವಿಡೀ ಕಾಯಲಾರದ ಅವಸರ. ಹಗ್ಗ ಬಾವಿಯ ಹತ್ತಿರವಿತ್ತು. ಅವನು ತಲೆಯ ಮೋಟು ರುಮಾಲು ಬಿಚ್ಚಿ, ಅದರ ತುದಿಗೆ ಕಂದೀಲು ಕಟ್ಟಿ ಇಳಿಬಿಟ್ಟ. ಅರ್ಧ ಜೋಳ ಹಿಂದೆಯೇ ತೆಗೆದಿದ್ದರಿಂದ ಕಾಳು ಆಳದಲ್ಲಿತ್ತು. ಕಂದೀಲು ಹಗೇವಿನ ಕುತ್ತಿಗೆಯಲ್ಲೇ ತೂಗಾಡಿತು.

“ಹೆಂಗ ಉರ್ಯಾಕತ್ತೈತಿ ನೋಡು, ಮದಿವಿ ಮನಿ ದೀಪದಂಗ!”

“ಅಣ್ಣಾ, ಅದು ಕುತ್ತಿಗಿ ನೋಡೇತಿ, ಹೊಟ್ಟಿ ನೋಡಿಲ್ಲ. ಹಗ್ಗಾ ತರ್ತೀನಿ, ತಳಕ್ಕ ಇಳಸೂಣು.”

“ಒಮ್ಮಿ ಕೇಳೀವಿ, ಹ್ಞೂಂ ಅಂದೈತಿ. ಮತ್ತ ಕೇಳಿದ್ರ ಕಂದೀಲಿಗೆ ಸಿಟ್ಟ ಬರ್ತೈತಿ.”

ಬಾವಿಗೆ ಓಡಿದೆ. ಹಗ್ಗ ಹೊತ್ತು ಬರುವಷ್ಟರಲ್ಲಿ ಅಣ್ಣ ಕಾಲು ಇಳಿಬಿಟ್ಟು ಕೂತಿದ್ದ. ವೈನಿ ಅವನ ಅಂಗಿ ಹಿಡಿದು ನಿಂತಿದ್ದರು. ಪರರ ಮುಂದೆ ದನಿ ಎತ್ತದ ಹೆಂಗಸು, ಗಾಡಿಯವನ ಎದುರೇ ಕೇಳಿದರು:

“ಮಾಸ್ತರ, ನಿಮ್ಮ ಚುಕ್ಕಿ ಮಂದಿ ಏನ ಮಾಡ್ತಿದ್ರು ಈಗ?”

“ಇಳಿಯಾವರಿಗೆ ಹಗ್ಗಾ ಕಟ್ಟತಿದ್ರು. ಹಗ್ಗಾ ಹಿಡದವರಿಗೆ ಇನ್ನೊಂದು ಹಗ್ಗಾ. ಊರೆಲ್ಲಾ ಕಟ್ಟಿ ಮುಗಿಸೂದ್ರಾಗ ಯಾರಿಗೂ ಜ್ವಾಳ ಬ್ಯಾಡಾಗಿರತಿತ್ತು.”

ಅಣ್ಣ ನಕ್ಕ. ವೈನಿ ನಗಲಿಲ್ಲ. ಹಗ್ಗ ಕಸಿದುಕೊಂಡು ಅವನ ಕಂಕುಳಡಿ ಸುತ್ತಿ ಬಿಗಿದರು.

“ಕಟ್ಟು, ಕಟ್ಟು. ಎಮ್ಮಿ ಕಟ್ಟಿದ ಕೈ,” ಎನ್ನುತ್ತ ಅವನು ಇಳಿದ.

ಒಳಗಿನಿಂದ ದನಿ ಬಂತು. “ಜ್ವಾಳ ಭಾಳ ಚಲೋ ಐತಿ. ಬೆಚ್ಚಗೈತಿ. ಲಗೂನ ಬುಟ್ಟಿ ಬಿಡ್ರಿ. ಏ ಮಾಸ್ತರಾ, ನಿನ್ನ ಮಂದಿ...”

ಅಷ್ಟೇ. ನಾನು ಹಗ್ಗ ಹಿಡಿದು ಮುಂದಿನ ಮಾತಿಗಾಗಿ ಕಾದೆ. ಎತ್ತುಗಳ ಕೊರಳ ಗೆಜ್ಜೆ ಕೇಳಿಸುತ್ತಿತ್ತು. ಮಾತು ಬರಲಿಲ್ಲ.

ಗಾಡಿಯವನು ಧೋತರ ಮೇಲೆತ್ತಿ ಕಟ್ಟಿ ಹಗೇವಿನ ಬಾಯಿಯ ಕಡೆಗೆ ಹಾರಿದ. “ಇಳೀಬ್ಯಾಡ್ರಿ!” ನಾನು ಕಿರುಚಿದೆ. ಅಂಥ ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. “ಎಳೀರಿ! ಎಳೀರಿ!”

ಮೂವರೂ ಎಳೆದೆವು. ಕುತ್ತಿಗೆಯಲ್ಲಿ ಅವನ ಭುಜ ಸಿಕ್ಕಿಕೊಂಡಿತು. ಸಡಿಲಿಸಿ ಮತ್ತೆ ಎಳೆದಾಗ ತಲೆ ಕಂಡಿತು, ಒಂದು ಪಕ್ಕಕ್ಕೆ ಜೋತುಬಿದ್ದ ತಲೆ, ತುಟಿ ನೀಲಿ. ಬೇವಿನ ಮರದ ಕೆಳಗೆ ಮಲಗಿಸಿದೆವು. ಗಾಡಿಯವನು ಗಾಳಿ ಬೀಸಿದ. ವೈನಿ ಮುಖಕ್ಕೆ ನೀರು ಎರಚಿದರು, ಕೆನ್ನೆ ತಟ್ಟಿದರು, ಎದೆ ಉಜ್ಜಿದರು. ಏನೂ ಇಲ್ಲ. ಕೊನೆಗೆ ಕಿವಿಯ ಹತ್ತಿರ ಬಾಗಿ, ಊರೇ ಕೇಳುವಂತೆ ಕೂಗಿದರು:

“ಅದೀರೇನ್ರಿ? ಏನ್ರಿ... ಅದೀರೇನ್ರಿ?”

ಎದೆ ಒಮ್ಮೆ ಜಗ್ಗಿತು. ಕೆಮ್ಮಿದ. ಕಣ್ಣು ತೆರೆದು ಬಹಳ ಹೊತ್ತು ಅವರನ್ನೇ ನೋಡಿದ. ಆಮೇಲೆ ನಿಧಾನವಾಗಿ ಒಂದು ಕೈ ಎತ್ತಿ ತನ್ನ ಹೊಟ್ಟೆ, ಎದೆ, ಮೂಗು ಮುಟ್ಟಿ ನೋಡಿಕೊಂಡ.

“ನೋಡಿ ಹೇಳ್ತೀನಿ, ತಡಿ,” ಎಂದ.

ಯಾರೂ ನಗಲಿಲ್ಲ. ಹಗ್ಗ ನನ್ನ ಮುಷ್ಟಿಯಲ್ಲೇ ಇತ್ತು. ಬಿಡಬೇಕೆಂದರೂ ಬೆರಳು ಬಿಚ್ಚಲಿಲ್ಲ. ವೈನಿ ಬಂದು ಒಂದೊಂದೇ ಬೆರಳನ್ನು ಬಿಡಿಸಿದರು.