ಹಗ್ಗ ಎಳೆದವನ ಹೆಸರು

ಕಳೆದ ಗುರುವಾರ ನಾನು ಕ್ಲಿಪ್ ಸರಿಯಾಗಿ ಒತ್ತದೆ ಒಂದು ಬ್ರೇಕ್ ಪೈಪನ್ನು ಮುಂದಕ್ಕೆ ಬಿಟ್ಟೆ. ಮುಂದಿನ ಸ್ಟೇಷನ್‌ನಲ್ಲಿದ್ದ ಸುಧಾಕರಣ್ಣ ಅದನ್ನು ನೋಡಿ, ತಲೆಯ ಮೇಲೆ ತೂಗುವ ಹಗ್ಗ ಎಳೆದರು. ಬಿಡಿಭಾಗ ಜೋಡಿಸುವ ಇಡೀ ಲೈನ್ ನಿಂತಿತು. ಬೋರ್ಡಿನ ಮೇಲೆ ಹೆಸರು ಬಂತು. ನನ್ನದಲ್ಲ, ಅವರದು.

ಆಸ್ಟ್ರೇಲಿಯಾದ ಡ್ಯಾಂಡಿನಾಂಗ್‌ನ ನಮ್ಮ ಫ್ಯಾಕ್ಟರಿ ಮೊದಲು ಜಪಾನಿಗಳದಾಗಿತ್ತು. ಆಗ ಹಗ್ಗ ಎಳೆದವನಿಗೆ ಮ್ಯಾನೇಜರ್ ತಲೆಬಾಗಿ ಥ್ಯಾಂಕ್ಸ್ ಹೇಳುತ್ತಿದ್ದರು. ಯಾಕಾಯಿತು ಎಂದು ಐದು ಸಲ ಕೇಳುತ್ತಿದ್ದರು. ಯಾರು ಎಂದು ಒಮ್ಮೆಯೂ ಇಲ್ಲ. (ಅವರೇನು ದೇವರಲ್ಲ. ಬಾಸ್ ಎದ್ದು ಮನೆಗೆ ಹೊರಡುವವರೆಗೆ ಇಡೀ ಆಫೀಸು ಕೆಲಸವಿಲ್ಲದೆಯೂ ಕೂತಿರುತ್ತಿತ್ತು.)

ಈ ವರ್ಷ ಅಮೆರಿಕನ್ನರು ಕೊಂಡುಕೊಂಡರು. ಹಗ್ಗ ಬಿಚ್ಚಲಿಲ್ಲ. ಪಕ್ಕದಲ್ಲಿ ಒಂದು ಬೋರ್ಡು ಹಾಕಿದರು, ಅಷ್ಟೆ. ಯಾರು ಎಷ್ಟು ಸಲ ಲೈನ್ ನಿಲ್ಲಿಸಿದರು, ಹೆಸರು ಸಮೇತ. ಕಡಿಮೆ ನಿಲ್ಲಿಸಿದವರಿಗೆ ಬೋನಸ್, ಹೆಚ್ಚು ನಿಲ್ಲಿಸಿದವರಿಗೆ ರಿವ್ಯೂ, ಅಂದರೆ ಕೆಲಸದಲ್ಲಿ ಇಟ್ಟುಕೊಳ್ಳುವುದೋ ಬೇಡವೋ ಎಂಬ ವಿಚಾರಣೆ.

ಕ್ಯಾಂಟೀನಿನಲ್ಲಿ ನಾನು ಇದನ್ನು ಸಮರ್ಥಿಸಿದ್ದೆ. ಕಾಲೇಜಿನ ಡಿಬೇಟ್ ಚಟ! ಗುಂಪಿನೊಳಗೆ ಸೋಮಾರಿ ಅಡಗಿಕೊಳ್ಳುತ್ತಾನೆ, ಒಬ್ಬೊಬ್ಬರನ್ನೂ ಅಳೆದರೆ ತಾನೇ ಹುಮ್ಮಸ್ಸು? ಸುಧಾಕರಣ್ಣ ಉಡುಪಿಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಿನ್ನ ನಾಲಿಗೆಗೇ ಒಂದು ಬೋನಸ್ ಕೊಡಬೇಕು ಎಂದು ನಕ್ಕಿದ್ದರು.

ಗುರುವಾರದ್ದು ಈ ತಿಂಗಳು ಅವರ ಮೂರನೆಯ ಸಲ. ಸೋಮವಾರ ರಿವ್ಯೂ. ಅವರ ವೀಸಾ ಈ ಕಂಪನಿಯ ಸ್ಪಾನ್ಸರ್‌ಶಿಪ್ ಮೇಲೆ ನಿಂತಿದೆ. ಕೆಲಸ ಹೋಗಿ ಆರು ತಿಂಗಳೊಳಗೆ ಬೇರೆ ಕಂಪನಿ ಸಿಗದಿದ್ದರೆ ಹೆಂಡತಿ ಮಕ್ಕಳ ಸಮೇತ ದೇಶ ಬಿಡಬೇಕು.

ನನ್ನ ವೀಸಾ? ಅದೂ ಹಾಗೆಯೇ.

ಶುಕ್ರವಾರ ಇಡೀ ದಿನ ಲೈನ್ ಒಮ್ಮೆಯೂ ನಿಲ್ಲಲಿಲ್ಲ. ಹೊಸ ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಒಂದೇ ದಿನದಲ್ಲಿ ನಲವತ್ತು ಜನ ತಪ್ಪು ಮಾಡುವುದನ್ನೇ ಬಿಟ್ಟರೇ? ಅಥವಾ ನೋಡುವುದನ್ನು ಬಿಟ್ಟರೇ? ಆ ಪೈಪುಗಳು ಯಾರದೋ ಕಾರಿಗೆ ಹೋಗುತ್ತವಲ್ಲ!

ಸಂಜೆ ಪಾರ್ಕಿಂಗ್‌ನಲ್ಲಿ ಸುಧಾಕರಣ್ಣನನ್ನು ಹಿಡಿದೆ.

‘ತಪ್ಪು ನಂದು ಅಂತ ಹೇಳ್ಬಿಡ್ಲಾ ಅಣ್ಣ?’

‘ಹೇಳು ಅಂತ ನಾನು ಹೇಳುದಿಲ್ಲ ಮಾರಾಯ. ಬೇಡ ಅಂತ ಹೇಳ್ಲಿಕ್ಕೆ ಹೋದ್ರೆ ಮಕ್ಕಳ ಮುಖ ನೆನಪಾಗ್ತದೆ.’

ಕಾರಿನ ಬಾಗಿಲು ಹಾಕಿಕೊಂಡು ಹೊರಟೇಬಿಟ್ಟರು.

ನಿಮ್ಮೆದುರು ಕನ್ನಡದಲ್ಲಿ ಒಪ್ಪಿಕೊಂಡಿದ್ದೇನೆ; ಸೋಮವಾರ ಬೆಳಿಗ್ಗೆ ಇಂಗ್ಲಿಷಿನಲ್ಲಿ ಒಪ್ಪಿಕೊಳ್ಳುವಷ್ಟು ಗಂಡಸುತನ ನನ್ನಲ್ಲಿದೆಯೇ?