ತಿಕ್ಕಿ ತಿಕ್ಕಿ ಸವೆಸಿದ ಸರಪಳಿ

೧೯೪೬ರ ಏಪ್ರಿಲ್ ೧೭, ಬುಧವಾರ, ಬೆಳಿಗ್ಗೆ ಏಳೂಕಾಲು. ಕಲ್ಲೂರಿನಲ್ಲಿ ನಮ್ಮ ಮನೆತನ ಪೂಜೆ ಮಾಡುವ ಗುಡಿಯ ಭಾವಿಯಲ್ಲಿ ಹೂಳು ತೆಗೆಯುವ ಕೆಲಸ ಶುರುವಾಯಿತು. ಕೂಲಿಯಾಳು ಹನುಮಂತ ತಳಕ್ಕಿಳಿದು ಕೆಸರನ್ನು ಬುಟ್ಟಿಗೆ ತುಂಬುತ್ತಿದ್ದ. ಮೇಲಿದ್ದವರು ಅದನ್ನು ಕಬ್ಬಿಣದ ಸರಪಳಿಯಿಂದ ಎಳೆಯುತ್ತಿದ್ದರು. ಬುಟ್ಟಿ ಎಣಿಸುವವನು ನಾನು, ಅರ್ಚಕರ ಮಗ.

ಹನ್ನೊಂದನೆಯ ಬುಟ್ಟಿ ಅರ್ಧಕ್ಕೆ ಬಂದಾಗ ಸರಪಳಿಯ ಕೊಂಡಿಯೊಂದು ಕಿತ್ತುಹೋಗಿ ಬುಟ್ಟಿ ಕೆಳಗೆ ಬಿತ್ತು. "ಸರೀಲೇ ಹನುಮ್ಯಾ!" ಎಂದು ಯಾರೋ ಚೀರಿದರು. ಅವನು ಗೋಡೆಗೆ ಒತ್ತಿಕೊಂಡ. ತಲೆ ಉಳಿಯಿತು, ಎಡ ಭುಜ ಮುರಿಯಿತು.

ಅವನನ್ನು ಬಂಡಿಯಲ್ಲಿ ಮಾನ್ವಿಯ ದವಾಖಾನೆಗೆ ಕಳಿಸಿದ ಮೇಲೆ, ಸರಪಳಿ ಮಾಡಿದ ಕಂಬಾರ ಮೋನಪ್ಪನನ್ನು ಕರೆಸಿದರು. ದೇವದುರ್ಗದ ಕಡೆಯಿಂದ ಬಂದು ನೆಲೆಸಿದ್ದ ಮುದುಕ.

"ಇಂಥಾ ಕಬ್ಬಿಣ ಕೊಟ್ಟೀಯೇನಲೇ? ಈ ಸುಗ್ಗಿಗೆ ನಿನಗ ಕೂಲಿ ಕಾಳಿಲ್ಲ. ಊರು ಬಿಡು" ಎಂದರು ಗೌಡರು.

ಮೋನಪ್ಪ ಮುರಿದ ಕೊಂಡಿಯನ್ನು ಬೆರಳಿನಿಂದ ಸವರಿದ. "ನಾ ಕೊಟ್ಟಾಗ ಇದು ಕರ್ರಗಿತ್ತು ಯಪ್ಪಾ, ಕಿರುಬೆರಳಷ್ಟು ದಪ್ಪ ಇತ್ತು. ಈಗ ಸವದು ಸಣ್ಣಾಗ್ಯಾದ. ಬೆಳ್ಳಗ ಮಾಡಿದವರು ಯಾರು?"

ಸರಪಳಿಗೆ ತೆಳುವಾಗಿ ತುಕ್ಕು ಹಿಡಿಸಿ, ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ಕುದಿಸಿ, ಬಿಸಿ ಕುಸುಬೆ ಎಣ್ಣೆ ಸವರಿ ಅವನು ಕೊಟ್ಟಿದ್ದ. ತೊಗಲು ಹದ ಮಾಡುವ ತೊಗಟೆ, ಅದೇ ಸರಪಳಿಯಲ್ಲಿ ಸೇದುವ ದೇವರ ನೀರಿಗೆ ಮೈಲಿಗೆಯೆಂದು ನಾನು ಪ್ರತಿ ದಶಮಿಗೆ, ಹಿತ್ತಾಳೆ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತಿದ್ದೆ. ಮತ್ತೆ ತುಕ್ಕು ಬರುತ್ತಿತ್ತು, ಮತ್ತೆ ತಿಕ್ಕುತ್ತಿದ್ದೆ. ನನ್ನ ದಿನಚರಿಯ ಪ್ರಕಾರ ಎರಡು ವರ್ಷದಲ್ಲಿ ನಲವತ್ತೆಂಟು ಸಲ.

ಅಪ್ಪ ಕಣ್ಣಿನಲ್ಲೇ ಸುಮ್ಮನಿರು ಎಂದರು. ಮೋನಪ್ಪ ರುಮಾಲು ತೆಗೆದು ಗೌಡರ ಕಾಲಿಗೆ ಬಗ್ಗಿದಾಗ ತಡೆಯಲಾಗಲಿಲ್ಲ. "ತಿಕ್ಕಿದವ ನಾನು. ಅವಂದೇನೂ ತಪ್ಪಿಲ್ಲ" ಎಂದೆ.

ಮೋನಪ್ಪ ನನ್ನ ಕಡೆ ತಿರುಗಿದ. "ಅದು ಹೊಲಸಲ್ಲರೀ ಸ್ವಾಮ್ಯಾರ, ಕಬ್ಬಿಣದ ತೊಗಲು. ಹದಿನೈದು ದಿನಕ್ಕೊಮ್ಮೆ ಸುಲದೀರಲ್ಲ, ಅದು ಹ್ಯಾಂಗ ಬಾಳೀತು?"

ಅವನ ಕಾಳು ಅವನಿಗೇ ಉಳಿಯಿತು. ಹೊಸ ಸರಪಳಿಯನ್ನೂ ಅವನೇ ಮಾಡಿದ, ಕರ್ರಗೇ ಕೊಟ್ಟ. ಅಪ್ಪ ಅದನ್ನು ಮುಟ್ಟಲು ಒಂದು ತಿಂಗಳು ಹಿಡಿಯಿತು.

ಹನುಮಂತನ ಎಡಗೈ ಈಗಲೂ ಭುಜದಿಂದ ಮೇಲೇಳುವುದಿಲ್ಲ. ನೋಡಲು ಹೋದಾಗ, "ನನ್ನ ಕೈನೂ ತಿಕ್ಕಬ್ಯಾಡ್ರಿ ಮತ್ತ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಶುಚಿ ಮಾಡುತ್ತಿದ್ದೇನೆಂದು ನಂಬಿ ಒಬ್ಬನ ತೋಳು ಕಳೆದೆ, ಇನ್ನೊಬ್ಬನ ಅನ್ನ ಕಳೆಯುವುದರಲ್ಲಿದ್ದೆ.

ಮೋನಪ್ಪ ಹೋದ ವರ್ಷ ತೀರಿಕೊಂಡ. ಹೊಸ ಸರಪಳಿಯ ಕಪ್ಪು ಅಲ್ಲಲ್ಲಿ ಬಿಡುತ್ತಿದೆ. ತೊಗಟೆ ಎಷ್ಟು ಹಾಕಬೇಕು, ಎಷ್ಟು ಹೊತ್ತು ಕುದಿಸಬೇಕು ಎಂಬುದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಬಲ್ಲ ಓದುಗರು ದಯವಿಟ್ಟು ಬರೆದು ತಿಳಿಸಿ. ಬರುವ ಬೇಸಿಗೆಯಲ್ಲಿ ಭಾವಿಗೆ ಇಳಿಯುವವನು ಹನುಮಂತನ ತಮ್ಮ.