ಇಲಿಯಾಸ ಎಳೆಸಿದ ಗೀಟು

ಗಂಗಾವತಿಯಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುವ ಇಲಿಯಾಸನಷ್ಟು ಹಟಮಾರಿ ಪಾಲಕನನ್ನು ನನ್ನ ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಕಂಡಿಲ್ಲ. ಮಗಳು ಖುಷ್ಬುವನ್ನು ಒಂದನೇ ತರಗತಿಗೆ ಸೇರಿಸಲು ಬಂದ ದಿನವೇ ನಮಗೆ ಜಗಳವಾಯಿತು. ನಾನು ಮುಖ್ಯೋಪಾಧ್ಯಾಯ. ದಾಖಲಾತಿ ವಹಿಯಲ್ಲಿ ಧರ್ಮದ ಕಾಲಮ್ಮಿಗೆ ಬಂದು ಪೆನ್ನು ನಿಲ್ಲಿಸಿದೆ.

“ಗೀಟ್ ಎಳಿರಿ ಸರ್,” ಎಂದ.

“ಗೀಟು ಧರ್ಮ ಅಲ್ಲಪಾ.”

“ಸರ್ಕಾರಿ ಸಾಲಿದು ಯಾವ ಧರ್ಮರಿ? ಸಾಲಿಗಿಲ್ಲದ್ದು ನನ್ನ ಮಗಳಿಗೆ ಯಾಕ ಬೇಕು?”

ಪಕ್ಕದಲ್ಲಿದ್ದ ಹೆಂಡತಿ ಹೇಮಾ ಹೌದೆಂದು ತಲೆಯಾಡಿಸಿದಳು. ಇಬ್ಬರೂ ಮನೆಯವರನ್ನು ಎದುರು ಹಾಕಿಕೊಂಡು ರಿಜಿಸ್ಟರ್ ಮದುವೆಯಾದವರು. ಎರಡೂ ಕಡೆಯ ಹಿರಿಯರು ಇವರ ಹೊಸ್ತಿಲು ತುಳಿದಿರಲಿಲ್ಲ. ಅರ್ಧ ಗಂಟೆ ವಾದಿಸಿ, ಸೋತು, ಸಿಟ್ಟಿನಲ್ಲೇ ಗೀಟು ಎಳೆದೆ.

ಅಲ್ಲಿಗೂ ಬಿಟ್ಟನೇ? ಶುಕ್ರವಾರದ ಸರಸ್ವತಿ ಪೂಜೆಗೆ ಜಗಳ, ಭಾಷಣಕ್ಕೆ ಮೌಲ್ವಿಯನ್ನು ಕರೆದರೆ ಮತ್ತೆ ಜಗಳ. ಊರಿನಲ್ಲಿ ಅವನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ, ನನಗೂ ಆಗುತ್ತಿರಲಿಲ್ಲ. ದಿನಾ ಬೆಳಗ್ಗೆ ಮಕ್ಕಳಿಂದ ಸಂವಿಧಾನದ ಪೀಠಿಕೆ ಓದಿಸುವವನು ನಾನು. ಅದನ್ನು ನಿಜವೆಂದು ನಂಬಿದವನು ಅವನೊಬ್ಬ.

ಮೊಮ್ಮಗಳು ಜಾಣೆ ಎಂದು ಹೆಸರಾದ ಮೇಲೆ ಹಿರಿಯರಿಗೆ ಕರುಳು ಚುರುಕ್ಕೆಂದಿತು. ನಾನು ತರಬೇತಿಗೆಂದು ಮುನಿರಾಬಾದಿಗೆ ಹೋಗಿದ್ದ ವಾರ ಇಲಿಯಾಸನ ತಾಯಿ ಜೋಹರಾಬಿ ಶಾಲೆಗೆ ಬಂದಳು. ಪ್ರಭಾರದಲ್ಲಿದ್ದ ಗೋವಿಂದರಾಜ ಮಾಸ್ತರರ ಮುಂದೆ ಅತ್ತು ಕರೆದು, ಗೀಟಿನ ಮೇಲೆ ‘ಇಸ್ಲಾಂ’ ಎಂದು ಬರೆಸಿದಳು. ಸುದ್ದಿ ತಿಳಿದು ಎರಡೇ ದಿನಕ್ಕೆ ಹೇಮಾಳ ತಂದೆ ವೆಂಕೋಬ ಬಂದ. ಗದರಿಸಿ, ಅದನ್ನು ಹೊಡೆದುಹಾಕಿಸಿ, ‘ಹಿಂದೂ’ ಎಂದು ಬರೆಸಿದ. ಗೋವಿಂದರಾಜರು ಅತ್ತವರಿಗೂ ಗದರಿದವರಿಗೂ ಕೋಲೆಬಸವನ ಹಾಗೆ ತಲೆಯಾಡಿಸಿದ್ದರು. ವಾಪಸು ಬಂದ ನಾನು ವಹಿ ತೆರೆದು ನೋಡಲಿಲ್ಲ. ಅದು ನನ್ನ ತಪ್ಪು.

ಐದನೇ ತರಗತಿ ಮುಗಿಸಿದ ಖುಷ್ಬು ವಸತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಪಾಸಾದಳು. ಟ್ರಂಕು ಕೊಂಡದ್ದೂ ಆಗಿತ್ತು. ದಾಖಲೆ ಪರಿಶೀಲನೆಯ ದಿನ ವಸತಿ ಶಾಲೆಯವರು ನಮ್ಮ ವಹಿ ತರಿಸಿ ನೋಡಿದರೆ ಅರ್ಜಿಯಲ್ಲಿ ಧರ್ಮ ಇಲ್ಲ, ವಹಿಯಲ್ಲಿ ಎರಡು. ತಿದ್ದಿದ ದಾಖಲೆ ನಡೆಯುವುದಿಲ್ಲ, ಸಂಜೆಯೊಳಗೆ ಸರಿಮಾಡಿಸಿಕೊಂಡು ಬನ್ನಿ ಎಂದರು. ಮೇಲಧಿಕಾರಿಗಳ ಆದೇಶ ಬೇಕು, ಸಂಜೆಯೊಳಗೆ ಆಗುವ ಕೆಲಸವೇ ಅದು? ಸೀಟು ಪಟ್ಟಿಯಲ್ಲಿದ್ದ ಮುಂದಿನ ಹುಡುಗಿಗೆ ಹೋಯಿತು.

ಮರುದಿನ ಹಿರಿಯರಿಬ್ಬರನ್ನೂ ಶಾಲೆಗೆ ಕರೆಸಿದೆ. ಬಂದವರು ಪರಸ್ಪರ ಬೈದಾಡತೊಡಗಿದರು.

“ಮೊದಲ ಬರಿಸಿದಾಕಿ ನೀನ,” ಎಂದ ವೆಂಕೋಬ.

“ನಾ ಬರಿಸಿದ್ದನ್ನ ನೀ ಯಾಕ ಹೊಡಸಿದಿ?” ಎಂದಳು ಜೋಹರಾಬಿ.

ಥೂ! ಹುಡುಗಿ ಅಲ್ಲೇ ಅಪ್ಪನ ಪಕ್ಕ ಅಳುತ್ತ ನಿಂತಿದ್ದಾಳೆಂಬ ಪರಿವೆ ಇಬ್ಬರಿಗೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಇಲಿಯಾಸ ನನ್ನ ಮೇಜಿನ ಮೇಲಿದ್ದ ವಹಿಯನ್ನು ಅವರತ್ತ ತಳ್ಳಿದ.

“ಅಮ್ಮಾ, ಮಾವಾರ, ನನ್ನ ಮಗಳ ಹೆಸರಿನ ಮುಂದ ನಿಮ್ಮ ನಿಮ್ಮ ದೇವರನ್ನ ಕುಂದರಿಸಿದ್ರಿ. ಈಗ ಹೋಗಿ ಆ ದೇವರ ಕಡಿಂದ ಆಕಿ ಸೀಟ್ ಇಸಗೊಂಡು ಬರ್ರಿ. ಅಲ್ಲಿತನಕ ನಮ್ಮ ಮನಿ ಮುಂದ ಹಾಯಬ್ಯಾಡ್ರಿ.”